ಎಂಟು ತಿಂಗಳು ಸುಳ್ಳಾಯಿತಾ ಅಕ್ಕಾ?

"ಅಕ್ಕಾ, ನನಗೆ 17 ವರ್ಷ. ಪ್ಲಸ್ ಟು ಓದುತ್ತಿದ್ದೇನೆ. ನಮ್ಮದು ಕಾಸರಗೋಡಿನ ಕುಂಬಳೆಯಿಂದ ಒಳಗೆ ಒಂದು ಹಳ್ಳಿ. ಅರ್ಧ ಎಕರೆ ಅಡಿಕೆ ತೋಟ ಇದೆ. ಅಪ್ಪ ಬೇರೆಯವರ ತೋಟಕ್ಕೂ ಮದ್ದು ಬಿಡಲು ಹೋಗುತ್ತಿದ್ದರು. ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಒಂದು ಆದಿತ್ಯವಾರ, ನಮ್ಮ ತೋಟದಲ್ಲೇ ಮರದ ಮೇಲಿದ್ದರು. ನಾನು ಕೆಳಗೆ ಪಂಪಿನ ಹತ್ತಿರ ಇದ್ದೆ. ಅಪ್ಪನ ಫೋನ್ ರಿಂಗಾಯಿತು. 'ಅಪ್ಪಾ, ಫೋನ್' ಎಂದು ಕೂಗಿದೆ. ತಿರುಗಿ ನೋಡಿದರು. ಆಮೇಲೆ ಬಿದ್ದರು. ಮಂಗಳೂರಿಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟರು. ನಾನು ಕೂಗಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ಕೈಗೆ ಗಾಯ ಮಾಡಿಕೊಳ್ಳಲು ಶುರು ಮಾಡಿದೆ. ಅಮ್ಮ ನೋಡಿದರು. ಶಾಲೆಯ ಕೌನ್ಸೆಲರ್ ಮೇಡಂ ಸರಕಾರಿ ಆಸ್ಪತ್ರೆಗೆ ಕಳಿಸಿದರು. ತಿಂಗಳಿಗೊಮ್ಮೆ ಹೋಗುತ್ತೇನೆ. ಡಿಸೆಂಬರಿನಿಂದ ಒಮ್ಮೆಯೂ ಮಾಡಿಕೊಂಡಿರಲಿಲ್ಲ. ನನ್ನ ಮಗಳು ಮೊದಲಿನ ಹಾಗೆ ಆದಳು ಅಂತ ಅಮ್ಮ ಎಲ್ಲರ ಹತ್ತಿರ ಹೇಳುತ್ತಾರೆ. ಮೊನ್ನೆ ಅಪ್ಪನ ವರ್ಷಾಂತಿಕ. ಎಲೆಯಲ್ಲಿ ಅಪ್ಪನಿಗೆ ಇಷ್ಟದ್ದೆಲ್ಲ ಬಡಿಸಿದೆವು. ಪಕ್ಕದ ತೋಟದಲ್ಲಿ ಪಂಪಿನ ಸದ್ದು. ಆ ರಾತ್ರಿ ಮತ್ತೆ ಮಾಡಿಕೊಂಡೆ. ಎಂಟು ತಿಂಗಳು ಸುಳ್ಳಾಯಿತಾ ಅಕ್ಕಾ? ಅಮ್ಮನಿಗೆ ಹೇಳಬೇಕಾ? ಆಸ್ಪತ್ರೆಯಲ್ಲಿ ಇದನ್ನೆಲ್ಲ ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಎನ್ನುತ್ತಾರೆ ಮಾವ. ಆಸ್ಪತ್ರೆಯ ಮೇಡಂಗೆ ಮಲಯಾಳ ಮಾತ್ರ ಬರುವುದು. ನನ್ನ ಮಲಯಾಳ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು. ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ದೊಡ್ಡಪ್ಪನ ಮಗಳ ಮದುವೆ. ತೋಳು ಎಷ್ಟುದ್ದ ಇಡಲಿ ಎಂದು ಟೈಲರ್ ಕೇಳಿದಾಗ ಅಳುವೇ ಬಂತು."

ಮಗಳೇ,

ನಿನ್ನ ಪತ್ರ ಇದಕ್ಕಿಂತ ಉದ್ದ ಇತ್ತು. ಹೇಗೆ, ಯಾವುದರಿಂದ ಎಂಬುದನ್ನೆಲ್ಲ ತೆಗೆದಿದ್ದೇನೆ. ನಿನ್ನ ವಯಸ್ಸಿನ ಬೇರೆ ಮಕ್ಕಳೂ ಇದನ್ನು ಓದುತ್ತಾರೆ, ಅದಕ್ಕೆ. ನಿನ್ನ ಗುರುತು ಸಿಗುವಂಥದ್ದನ್ನೂ ಬದಲಿಸಿದ್ದೇನೆ.

ಮೊದಲು ಆ ಗಾಯ. ಒಣಗಿದೆಯಾ? ಸುತ್ತ ಕೆಂಪಾಗಿ ಊದಿಕೊಂಡಿದ್ದರೆ, ಕೀವಾಗಿದ್ದರೆ, ಇವತ್ತೇ ತೋರಿಸು. ಹೇಗಾಯಿತು ಎಂದು ಕೇಳಿದರೆ ಇದ್ದದ್ದನ್ನೇ ಹೇಳು. ಅವರು ಇಂಥದ್ದನ್ನು ಎಷ್ಟೋ ನೋಡಿದ್ದಾರೆ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ. ಆ ರಾತ್ರಿ ಸಾಯಬೇಕು ಅಂತ ಅನ್ನಿಸಿತ್ತಾ? ಪತ್ರದಲ್ಲಿ ನೀನು ಬರೆದಿಲ್ಲ. ತನಗೆ ತಾನೇ ಗಾಯ ಮಾಡಿಕೊಳ್ಳುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಸಾಯುವ ಮನಸ್ಸಿರುವುದಿಲ್ಲ. ಒಳಗಿನ ಸಂಕಟ ತಡೆಯಲಾಗದೆ ಹಾಗೆ ಮಾಡಿಕೊಳ್ಳುತ್ತಾರೆ. ಆದರೆ ಒಂದರ ಹಿಂದೆ ಇನ್ನೊಂದು ಬರುವುದೂ ಉಂಟು. ಹಾಗಾಗಿ ಕೇಳಲೇಬೇಕು. ಅನ್ನಿಸಿದ್ದರೆ, ಇನ್ನು ಮುಂದೆ ಯಾವತ್ತಾದರೂ ಅನ್ನಿಸಿದರೆ, ಬೆಳಗಾಗಲಿ ಎಂದು ಕಾಯಬೇಡ. ಅಮ್ಮನನ್ನು ಎಬ್ಬಿಸು. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಕೇಂದ್ರ ಸರಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. 20 ಭಾಷೆಗಳಲ್ಲಿ ಸೇವೆ ಇದೆ, ಕನ್ನಡ ಬೇಕು ಎಂದು ಕೇಳು. ಕೇರಳದ್ದೇ ಆದ ದಿಶ ಇದೆ, 1056. ನಿನಗಿನ್ನೂ 18 ಆಗಿಲ್ಲ, ಮಕ್ಕಳ ಸಹಾಯವಾಣಿ 1098 ಕೂಡ ನಿನ್ನದೇ.

ಈಗ ನಿನ್ನ ಪ್ರಶ್ನೆ. ಎಂಟು ತಿಂಗಳು ಅಂದರೆ ಸುಮಾರು 240 ರಾತ್ರಿ. ಅಷ್ಟರಲ್ಲಿ ನಿನಗೆ ಒಮ್ಮೆಯೂ ಅನ್ನಿಸಲೇ ಇಲ್ಲವಾ? ಅನ್ನಿಸಿರುತ್ತದೆ. ಅನ್ನಿಸಿದ ರಾತ್ರಿ ಏನು ಮಾಡಿದೆ? ಅಮ್ಮನ ಪಕ್ಕ ಹೋಗಿ ಮಲಗಿದೆಯಾ, ಗೆಳತಿಗೆ ಮೆಸೇಜ್ ಹಾಕಿದೆಯಾ, ಸುಮ್ನೆ ಅತ್ತೆಯಾ? ಏನೋ ಒಂದು ಮಾಡಿದ್ದೀ. ಅದನ್ನು ಒಂದು ಕಾಗದದಲ್ಲಿ ಬರೆದಿಡು. ಮೊನ್ನೆ ಮಾಡಿಕೊಂಡ ಮಾತ್ರಕ್ಕೆ ಅದೆಲ್ಲ ಕೈಬಿಟ್ಟು ಹೋಗುವುದಿಲ್ಲ. ಅಂದಹಾಗೆ, ದಿನ ಲೆಕ್ಕ ಹಾಕುವುದು ನನಗೆ ಅಷ್ಟೊಂದು ಇಷ್ಟ ಇಲ್ಲ. ಲೆಕ್ಕ ತಪ್ಪಿದ ದಿನ ಎಲ್ಲವೂ ಮುಗಿದುಹೋಯಿತು ಅನ್ನಿಸಿಬಿಡುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರೆ ಬಿಟ್ಟುಬಿಡು.

ಮೊನ್ನೆ ಬಂದದ್ದು ಸಾಮಾನ್ಯ ದಿನವೂ ಅಲ್ಲ. ಅದೇ ಆಟಿ, ಅದೇ ಮಳೆ, ಅದೇ ಪಂಪಿನ ಸದ್ದು. ತಲೆಗೆ ಇದು ಈ ವರ್ಷ ಎಂದು ಗೊತ್ತು, ಮೈಗೆ ಗೊತ್ತಾಗುವುದಿಲ್ಲ. ಸದ್ದು ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಕಣ್ಣೆದುರೇ ಅಂಥದ್ದು ನಡೆದವರಿಗೆ ಹೀಗಾಗುತ್ತದೆ. ತಿಥಿ ಹತ್ತಿರ ಬಂದಾಗ ಇನ್ನೂ ಜಾಸ್ತಿ. ಇದಕ್ಕೆಂದೇ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ನಿನ್ನ ಕೈಯ ವಿಷಯ ಮಾತಾಡಿದ್ದೀ. ಪಂಪಿನ ಸದ್ದಿನ ವಿಷಯ ಮಾತಾಡಿದ್ದೀಯಾ?

ಇಲ್ಲ ಅಂತ ನನ್ನ ಊಹೆ. ಯಾಕೆಂದರೆ ಪಂಪಿನ ಸದ್ದಿನ ಹಿಂದೆಯೇ ಆ ಕೂಗು ಇದೆ.

ಗಾಯದ ವಿಷಯ ಅಮ್ಮನಿಗೆ ಹೇಳಬೇಕಾ ಎಂದು ನೀನು ಕೇಳಿದ್ದೀ. ಹೇಳು. ಆದರೆ ಅದಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು 'ಅಪ್ಪಾ, ಫೋನ್' ಎಂಬ ಎರಡು ಶಬ್ದ. ಒಂದು ವರ್ಷದಿಂದ ಒಬ್ಬಳೇ ಹೊತ್ತುಕೊಂಡಿದ್ದೀ. ಅದನ್ನು ಹೊತ್ತುಕೊಂಡೇ ಎಂಟು ತಿಂಗಳು ನಡೆದೆ ಎಂಬುದು ನನಗೆ ಆಶ್ಚರ್ಯ.

ನೀನು ಕೂಗಿದ್ದರಿಂದ ಅಪ್ಪ ಬೀಳಲಿಲ್ಲ ಎಂದು ನಾನು ಬರೆಯಬಹುದು. ನೀನು ನಂಬುವುದಿಲ್ಲ. ಹಾಗಾಗಿ ಬೇರೆ ಕೇಳುತ್ತೇನೆ. ಮದ್ದು ಬಿಡುವ ಕೆಲಸ ನೀನು ಚಿಕ್ಕಂದಿನಿಂದ ನೋಡಿದವಳು. ಕಾಲಿಗೆ ಮರ ಹತ್ತುವ ತಳೆ, ಕೈಯಲ್ಲಿ ಪೈಪು, ಮಳೆಗೆ ಹಾವಸೆ ಹಿಡಿದ ಮರ. ಕೆಳಗೆ ಒಬ್ಬರು ಡ್ರಮ್ ನೋಡಿಕೊಳ್ಳುತ್ತಾರೆ. ಕೆಳಗಿನವರು ದಿನಕ್ಕೆ ಎಷ್ಟು ಸಲ ಕೂಗುತ್ತಾರೆ? ಮದ್ದು ಮುಗಿಯಿತು, ಪೈಪು ಸಿಕ್ಕಿಕೊಂಡಿತು, ಚಾ ಆಯಿತು ಇಳಿಯಿರಿ. ಮೇಲಿನವರು ಪ್ರತಿ ಸಲವೂ ತಿರುಗಿ ನೋಡುತ್ತಾರೆ. ಕೂಗುವುದು, ತಿರುಗುವುದು ಆ ಕೆಲಸದಲ್ಲೇ ಇದೆ. ಅಪ್ಪ ಹಾಗೆ ಸಾವಿರ ಸಲ ತಿರುಗಿ ನೋಡಿರಬೇಕು, ನಿನ್ನ ಕೂಗಿಗೇ ಎಷ್ಟೋ ಸಲ. ಆ ಒಂದು ದಿನ ಮರ ಕೈಕೊಟ್ಟಿತು. ಈಗ ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಯಾಕೆ ಬಂತು ಹೇಳು? ಯಾರೂ ಕೂಗದೆಯೂ ಜನ ಬೀಳುತ್ತಿದ್ದರು.

ನನ್ನದೊಂದು ಹೇಳುತ್ತೇನೆ. ನನ್ನ ಅಣ್ಣ ಹಾರ್ಟ್ ಅಟ್ಯಾಕ್ ಆಗಿ ಹೋದ. ಆ ಸಂಜೆ ಅವನು ಫೋನ್ ಮಾಡಿದ್ದ, ನಾನು ಎತ್ತಿರಲಿಲ್ಲ. ಎತ್ತಿದ್ದರೆ ಎದೆನೋವು ಅಂತ ಹೇಳುತ್ತಿದ್ದನೋ ಏನೋ. ಇದನ್ನು ಹತ್ತು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಒಂದು ಆಟಿಯಲ್ಲಿ ನಾನು, ಅಮ್ಮ, ಅತ್ತಿಗೆ ಚಾವಡಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದೆವು. ಹೊರಗೆ ಮಳೆ. ಅಮ್ಮ ಇದ್ದಕ್ಕಿದ್ದಂತೆ, "ಆ ದಿನ ಮಧ್ಯಾಹ್ನ ನಾನೇ ಒತ್ತಾಯ ಮಾಡಿ ಎರಡನೇ ಸಲ ಬಡಿಸಿದೆ" ಎಂದರು. ಅತ್ತಿಗೆ ತಲೆ ಎತ್ತದೆ, "ಬಿಸಿಲಿಗೆ ಅಂಗಡಿಗೆ ಕಳಿಸಿದ್ದು ನಾನಲ್ವಾ" ಎಂದಳು. ಆಮೇಲೆ ನಾನು ಫೋನಿನ ವಿಷಯ ಹೇಳಿದೆ. ಮೂರು ಜನ, ಮೂರು 'ನಾನೇ'. ಸಾವಿನ ಮನೆಯಲ್ಲಿ ಒಬ್ಬೊಬ್ಬರ ಹತ್ತಿರವೂ ಒಂದೊಂದು ಹೀಗೆ ಇರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಏನೂ ಮಾಡಲಾಗುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ನನ್ನಿಂದಲೇ ಆಯಿತು ಎನ್ನುವುದು ಮನಸ್ಸಿಗೆ ಸುಲಭ. ವಿಚಿತ್ರ, ಆದರೆ ಹಾಗೇ.

ನಿನ್ನ ಅಮ್ಮನ ಹತ್ತಿರವೂ ಒಂದು ಇರಬಹುದು. ಆ ಆದಿತ್ಯವಾರವೇ ಮದ್ದು ಬಿಟ್ಟು ಮುಗಿಸಿ ಎಂದವರು ಯಾರು? ನನಗೆ ಗೊತ್ತಿಲ್ಲ. ಕೇಳಿ ನೋಡು.

ಅಮ್ಮ ಬೀಡಿ ಕಟ್ಟುತ್ತಾರೆ ಎಂದು ಬರೆದಿದ್ದೀ. ಅದೇ ಹೊತ್ತು ಒಳ್ಳೆಯದು. ತಡ್ಪೆ ಮಡಿಲಲ್ಲಿರುತ್ತದೆ, ಕಣ್ಣು ಎಲೆಯ ಮೇಲೆ, ಕೈ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಎದುರು ಕೂರಬೇಡ, ಪಕ್ಕದಲ್ಲಿ ಕೂತುಕೋ. ಮುಖ ನೋಡದೆ ಹೇಳುವುದು ಸುಲಭ, ಕೇಳುವುದೂ. ತುಳುವಿನಲ್ಲೇ ಹೇಳು. "ಅಮ್ಮಾ, ವರ್ಷಾಂತಿಕದ ದಿನ ಮತ್ತೆ ಹಾಗೆ ಮಾಡಿಕೊಂಡೆ. ಬೈಬೇಡ. ಇನ್ನೊಂದು ಹೇಳಬೇಕು ನಿನಗೆ." ಇಷ್ಟೇ ಸಾಕು. ಅಮ್ಮ ಅಳಬಹುದು. ಸಿಟ್ಟೂ ಬರಬಹುದು. ಮೊದಲ ಐದು ನಿಮಿಷ ಬಾಯಿಗೆ ಬಂದದ್ದನ್ನು ಅಮ್ಮನ ಉತ್ತರ ಎಂದುಕೊಳ್ಳಬೇಡ. ಉತ್ತರ ಬರುವುದು ರಾತ್ರಿ ಊಟವಾದ ಮೇಲೆ, ಅಥವಾ ಮಾರನೇ ದಿನ.

ಈ ಅಂಕಣ ಓದುವ ಅಮ್ಮಂದಿರಿಗೂ ಒಂದು ಮಾತು. ಮಗಳ ಕೈ ಹಿಡಿದು ಎಳೆದು ನೋಡಬೇಡಿ. ದೇವರ ಮುಂದೆ ನಿಲ್ಲಿಸಿ ಇನ್ನು ಮಾಡುವುದಿಲ್ಲ ಎಂದು ಆಣೆ ಹಾಕಿಸಬೇಡಿ. ಆಣೆ ಮುರಿದ ದಿನ ಅವಳು ನಿಮ್ಮ ಹತ್ತಿರ ಬರುವುದನ್ನೇ ನಿಲ್ಲಿಸುತ್ತಾಳೆ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುವುದಾದರೆ ಇಡಿಸಿ, ನಾನು ಬೇಡ ಎನ್ನುವುದಿಲ್ಲ. ಆಸ್ಪತ್ರೆಯ ದಿನ ಮಾತ್ರ ತಪ್ಪಿಸಬೇಡಿ.

ಮಾವನ ಪೊಲೀಸ್ ಕೇಸಿನ ಮಾತು ಬಿಡು. ಕೈಗೆ ಗಾಯ ಮಾಡಿಕೊಂಡ ಹುಡುಗಿ ಡಾಕ್ಟರ ಹತ್ತಿರ ಹೋಗುವುದು ಯಾವ ಅಪರಾಧವೂ ಅಲ್ಲ. ಸಾಯಲು ಹೊರಟವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನೀನು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಊರಿಗೆ ಹೇಳುವಂತಿಲ್ಲ ಎಂಬುದೂ ಅದೇ ಕಾಯ್ದೆಯಲ್ಲಿದೆ. ಒಂದು ಮಾತ್ರ ಮುಚ್ಚಿಡುವುದಿಲ್ಲ: ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಅವರು ಅಮ್ಮನಿಗೆ ತಿಳಿಸುತ್ತಾರೆ. ತಿಳಿಸಬೇಕು ಕೂಡ.

ಭಾಷೆಯ ವಿಷಯ ಮಾತ್ರ ಸಣ್ಣದಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ನಮ್ಮ ಕಾಸರಗೋಡಿನ ಮಕ್ಕಳ ಪಾಡು ಇದು. ಜ್ವರ ಬಂದರೆ ಹೇಗೋ ನಡೆಯುತ್ತದೆ, ಮನಸ್ಸಿನ ವಿಷಯಕ್ಕೆ ಮಾತೇ ಬೇಕಲ್ಲ. 'ಬೇಜಾರು' ಎಂಬ ಶಬ್ದವನ್ನೇ ನೋಡು. ನೀನು ಬೇಜಾರು ಎಂದರೆ ದುಃಖ. ಬೆಂಗಳೂರಿನವರಿಗೆ ಅದೇ ಶಬ್ದ ಹೊತ್ತು ಹೋಗದೆ ಬೋರಾಗುವುದೂ ಹೌದು. ಮಲಬಾರಿನ ಮಲಯಾಳದಲ್ಲಿ ಬೇಜಾರ್ ಎಂದರೆ ಗಾಬರಿ, ಆತಂಕ. ನೀನು ಒಂದು ಹೇಳಿ ಮೇಡಂ ಇನ್ನೊಂದು ಬರೆದುಕೊಂಡಿದ್ದರೆ ತಪ್ಪು ಇಬ್ಬರದೂ ಅಲ್ಲ. ನನಗೆ ತೋಚುವುದು ಇಷ್ಟು. ಹೇಳಬೇಕಾದದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಂಡು ಹೋಗು. ಕನ್ನಡ ಅಥವಾ ತುಳು ಬರುವ ಡಾಕ್ಟರೋ ಕೌನ್ಸೆಲರೋ ಯಾರಾದರೂ ಇದ್ದಾರಾ ಎಂದು ಬಾಯಿಬಿಟ್ಟು ಕೇಳು. ಕೇಳುವುದರಲ್ಲಿ ಸಂಕೋಚ ಬೇಡ, ಇದು ಭಾಷಾ ಅಲ್ಪಸಂಖ್ಯಾತರ ಜಿಲ್ಲೆ. ನೆಂಟರ ಹುಡುಗಿಯನ್ನು ದುಭಾಷಿ ಮಾಡಿಕೊಳ್ಳಬೇಡ, ಮದುವೆ ಮನೆ ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ.

ಅಷ್ಟರವರೆಗೆ ರಾತ್ರಿ ಬಂದರೆ? ಆ ಒತ್ತಡ ಏರುತ್ತದೆ, ತುದಿಗೆ ಹೋಗುತ್ತದೆ, ಇಳಿಯುತ್ತದೆ. ಏರುವಾಗ ಇಳಿಯುವುದೇ ಇಲ್ಲ ಅನ್ನಿಸುತ್ತದೆ. ಹದಿನೈದು ನಿಮಿಷ ಮುಂದೆ ಹಾಕು. ಆಮೇಲೆ ಇನ್ನೂ ಹದಿನೈದು. ಕೋಣೆಯಲ್ಲಿ ಒಬ್ಬಳೇ ಕೂರಬೇಡ. ಆ ಸಾಮಾನು ನಿನ್ನ ಕೋಣೆಯಲ್ಲಿ ಇರುವುದು ಬೇಡ, ಅಮ್ಮನ ಕೈಗೆ ಕೊಡು. ನಿಮ್ಮಲ್ಲಿ ಗುಡ್ಡ ಕೊರೆದ ಸುರಂಗದ ನೀರು ಬರುತ್ತದಲ್ಲ, ಚಳಿ ಹಿಡಿಸುವಷ್ಟು ತಣ್ಣಗಿರುತ್ತದೆ. ಒಂದು ಬಾಲ್ದಿ ನೀರು ಒಳಗೆ ತಂದಿಟ್ಟುಕೋ. ಬೊಗಸೆಯಲ್ಲಿ ತುಂಬಿ ತುಂಬಿ ಮುಖಕ್ಕೆ ಹಿಡಿ. ಮುಖಕ್ಕೆ ತಣ್ಣೀರು ತಾಗಿದರೆ ಎದೆಬಡಿತ ನಿಧಾನವಾಗುತ್ತದೆ. ಇದು ಅಜ್ಜಿ ಮದ್ದಲ್ಲ, ಡಾಕ್ಟರುಗಳೇ ಕಲಿಸುವ ಉಪಾಯ.

ಮಾರ್ಷಾ ಲೈನ್‌ಹಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದ್ದಾರೆ. ಡಿಬಿಟಿ ಎಂಬ ಚಿಕಿತ್ಸೆ ರೂಪಿಸಿದವರು. ತನಗೆ ತಾನೇ ಗಾಯ ಮಾಡಿಕೊಳ್ಳುವವರಿಗೆ ಇವತ್ತು ಎಷ್ಟೋ ದೇಶಗಳಲ್ಲಿ ಅದನ್ನು ಕೊಡುತ್ತಾರೆ. ತಣ್ಣೀರಿನ ಉಪಾಯವೂ ಅದರಲ್ಲಿದೆ. 1961ರಲ್ಲಿ ತಾನೂ ಮನೋರೋಗದ ಆಸ್ಪತ್ರೆ ಸೇರಿದ್ದೆ, ಹೀಗೇ ಗಾಯ ಮಾಡಿಕೊಳ್ಳುತ್ತಿದ್ದೆ ಎಂದು ಆಕೆ ಎಲ್ಲರೆದುರು ಹೇಳಿದ್ದು 2011ರಲ್ಲಿ, 68ನೇ ವಯಸ್ಸಿಗೆ. ಆಸ್ಪತ್ರೆ ಸೇರಿದಾಗ ಅವರಿಗೆ ನಿನ್ನದೇ ವಯಸ್ಸು.

ಇನ್ನು ರವಿಕೆ. ಉದ್ದ ತೋಳು ಬೇಕಿದ್ದರೆ ಉದ್ದವೇ ಇರಲಿ, ಅದೇನು ಸುಳ್ಳಲ್ಲ. ಮದುವೆಯಲ್ಲಿ ಯಾರಾದರೂ ಅತ್ತೆ ಕೈ ಹಿಡಿದು ಇದೇನು ಎಂದು ಕೇಳಿದರೆ, ಹಳೇ ಗಾಯ ಎನ್ನು. ಕೂಡಲೇ "ಒಣಸ್ ಆಂಡಾ?" ಎಂದು ಕೇಳಿಬಿಡು. ನಮ್ಮ ಕಡೆ ಮದುವೆಯಲ್ಲಿ ಊಟದ ಪ್ರಶ್ನೆ ಎತ್ತಿದರೆ ಬೇರೆ ಪ್ರಶ್ನೆ ಉಳಿಯುವುದಿಲ್ಲ. ಟೈಲರಿಗೆ ಉತ್ತರ ಹೇಳಲು ಅವಸರ ಬೇಡ, ಮದುವೆಗೆ ಇನ್ನೂ ದಿನ ಇದೆಯಲ್ಲ. ಮೊದಲು ಅಮ್ಮನ ಪಕ್ಕ ಕೂತು ಬಾ. ಆಮೇಲೆ ತೋಳು ಎಷ್ಟುದ್ದ ಇಟ್ಟೆ ಅಂತ ನನಗೂ ಒಂದು ಸಾಲು ಬರೆ.