ಸೌರ ವಿದ್ಯುತ್ ಇಷ್ಟು ಅಗ್ಗವಾದರೂ ಕರೆಂಟ್ ಬಿಲ್ ಏಕೆ ಇಳಿಯುತ್ತಿಲ್ಲ?

ಅಗ್ಗವಾಗಿರುವುದು ಉತ್ಪಾದನೆ ಮಾತ್ರ. ತಂತಿ ಮಾರ್ಗ, ಬ್ಯಾಟರಿ, ತೆರಿಗೆ ಎಲ್ಲವೂ ಅದೇ ಬಿಲ್ಲಿಗೆ ಬಂದು ಸೇರುತ್ತವೆ.

ಮಾರುಕಟ್ಟೆಯ ಲೆಕ್ಕಾಚಾರ ಇನ್ನೂ ವಿಚಿತ್ರ. ಯುರೋಪಿನ ಸಗಟು ಮಾರುಕಟ್ಟೆಯಲ್ಲಿ ಅಗ್ಗದ ವಿದ್ಯುತ್ತನ್ನು ಮೊದಲು ಕೊಳ್ಳುತ್ತಾರೆ, ಸರಿ. ಆದರೆ ಆ ಹೊತ್ತಿನ ಬೇಡಿಕೆ ತುಂಬಿಸಲು ಕಟ್ಟಕಡೆಗೆ ಬೇಕಾದ ಸ್ಥಾವರ ಕೇಳಿದ ದರವೇ ಎಲ್ಲರಿಗೂ ಸಿಗುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಆ ಕಡೆಯ ಸ್ಥಾವರ ಅನೇಕ ಸಲ ಅನಿಲದ್ದು. 2022ರಲ್ಲಿ ರಷ್ಯಾದಿಂದ ಬರುವ ಅನಿಲ ಕಡಿಮೆಯಾಗಿ ಬೆಲೆ ಗಗನಕ್ಕೇರಿದಾಗ, ಅನಿಲದ ಸೋಂಕೇ ಇಲ್ಲದ ಗಾಳಿಯಂತ್ರಗಳ ವಿದ್ಯುತ್ತೂ ಈ ಮಾರುಕಟ್ಟೆಯಲ್ಲಿ ಅದೇ ದರಕ್ಕೆ ಹೋಯಿತು.

ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಬಂಡವಾಳವನ್ನೆಲ್ಲ ಮೊದಲೇ ಸುರಿಯಬೇಕು. ಹಾಗಾಗಿ ಬಡ್ಡಿ ದರ ಏರಿದರೆ ಯೋಜನೆಯೇ ನೆಲಕಚ್ಚಬಹುದು. ಸಾಲ ದುಬಾರಿಯಾಗಿರುವ ಬಡ ದೇಶಗಳು ಧಾರಾಳ ಬಿಸಿಲಿದ್ದೂ ಹಿಂದುಳಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ರಾಜಕೀಯ. ಕಲ್ಲಿದ್ದಲು ಬಿಟ್ಟು ಸೌರ, ಗಾಳಿ ವಿದ್ಯುತ್ತಿಗೆ ಹೊರಳಿದರೆ ಲಾಭ ಕೋಟ್ಯಂತರ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ. ನಷ್ಟ ಕೆಲವೇ ಗಣಿ ಊರುಗಳ ತಲೆಯ ಮೇಲೆ ಬೀಳುತ್ತದೆ. ಗದ್ದಲ ಏಳುವುದು ಅಲ್ಲಿಂದಲೇ. 2038ರೊಳಗೆ ಕಲ್ಲಿದ್ದಲು ವಿದ್ಯುತ್ ನಿಲ್ಲಿಸುವ ಕಾನೂನನ್ನು 2020ರಲ್ಲಿ ಮಾಡಿದ ಜರ್ಮನಿ, ಗಣಿ ಪ್ರದೇಶಗಳಿಗೆ 4,000 ಕೋಟಿ ಯೂರೋವರೆಗೆ ನೆರವನ್ನೂ ಎತ್ತಿಟ್ಟಿತು. ದುಂದುವೆಚ್ಚ ಎಂದವರಿದ್ದಾರೆ, ಅದಿಲ್ಲದೆ ಆ ಕಾನೂನು ಅಂಗೀಕಾರವಾಗುತ್ತಿತ್ತು ಎಂದು ನನಗನಿಸುವುದಿಲ್ಲ.