ಮೇಷ್ಟರ ದಿರ್ಹಮ್ ಲೆಕ್ಕ

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಬಿ.ಎಡ್. ಆಗಿದೆ; ಕೈಗೆ ಬರುವ ಸಂಬಳ 28,000 ರೂಪಾಯಿ. ದುಬೈಯ ಸಿಬಿಎಸ್‌ಇ ಶಾಲೆಯೊಂದು ತಿಂಗಳಿಗೆ 4,500 ದಿರ್ಹಮ್ ಕೊಡುವುದಾಗಿ ತಿಳಿಸಿದೆ. ದಿರ್ಹಮ್‌ಗೆ 23 ರೂಪಾಯಿಯಂತೆ ಹಿಡಿದರೂ ಲಕ್ಷ ದಾಟುತ್ತದೆ. ಮಡದಿಯನ್ನೂ ಆರು ವರ್ಷದ ಮಗಳನ್ನೂ ಕರೆದೊಯ್ಯುವ ಆಸೆಯಿದೆ. ಏಜೆಂಟರು ವೀಸಾ ಖರ್ಚೆಂದು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಹೋಗಬಹುದೇ?

ಉತ್ತರ: ನಿಮ್ಮ ಗುಣಾಕಾರ ಸರಿಯಾಗಿದೆ, ಆದರೆ ಗುಣಿಸಿದ ಸಂಖ್ಯೆ ತಪ್ಪು. ದುಬೈಯಲ್ಲಿ ದುಡಿದು ಅಲ್ಲಿಯೇ ಖರ್ಚಾಗುವ ದಿರ್ಹಮ್ ಎಂದೂ ರೂಪಾಯಿ ಆಗುವುದಿಲ್ಲ; ಊರಿಗೆ ಕಳಿಸಲು ಉಳಿದದ್ದನ್ನಷ್ಟೇ 23ರಿಂದ ಗುಣಿಸಬೇಕು. ಗಣಿತದ ಮೇಷ್ಟರಿಗೆ ಇದನ್ನು ಹೇಳಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ.

ಇಡೀ ಲೆಕ್ಕ ನಿಂತಿರುವುದು ಮನೆ ಬಾಡಿಗೆಯ ಮೇಲೆ. ಅಲ್ಲಿ ಬಾಡಿಗೆಯನ್ನು ವರ್ಷದ ಮೊತ್ತವಾಗಿ ಹೇಳುವುದು ರೂಢಿ. ಅದನ್ನು ಒಂದು, ಎರಡು ಅಥವಾ ನಾಲ್ಕು ಚೆಕ್‌ಗಳಾಗಿ, ಮುಂದಿನ ದಿನಾಂಕ ಹಾಕಿ, ಮನೆ ಸೇರುವಾಗಲೇ ಬರೆದುಕೊಡಬೇಕಾಗುತ್ತದೆ. ವರ್ಷಕ್ಕೆ 36,000 ದಿರ್ಹಮ್‌ಗೆ ಸಣ್ಣ ಮನೆಯೊಂದು ಸಿಕ್ಕಿತೆಂದೇ ಇಟ್ಟುಕೊಳ್ಳಿ. ದುಬೈಯಲ್ಲಿ ಅಷ್ಟಕ್ಕೆ ಸಿಗುವುದು ಕಷ್ಟ, ಆದ್ದರಿಂದಲೇ ಎಷ್ಟೋ ಜನ ಶಾರ್ಜಾದಲ್ಲಿ ಮನೆ ಮಾಡಿ ದಿನವೂ ಟ್ರಾಫಿಕ್‌ನಲ್ಲಿ ಕುಳಿತು ದುಬೈಗೆ ಬರುತ್ತಾರೆ. ಆ ಮೊತ್ತದ ಪ್ರಕಾರ ತಿಂಗಳಿಗೆ 3,000 ದಿರ್ಹಮ್ ಬಾಡಿಗೆಗೇ ಹೋಯಿತು. ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕ ದುಬೈಯ ನೀರು-ವಿದ್ಯುತ್ ಬಿಲ್ಲಿನೊಡನೆ ಬರುತ್ತದೆ. ಅದು ತಿಂಗಳಿಗೆ 150. ಉಳಿದ 1,350 ದಿರ್ಹಮ್‌ನಲ್ಲಿ ಊಟ, ಕರೆಂಟು, ಮಗಳ ಶಾಲೆಯ ಫೀಸು, ಹೆಂಡತಿ ಮಗಳ ಆರೋಗ್ಯ ವಿಮೆ ಎಲ್ಲವೂ ನಡೆಯಬೇಕು. ನಿಮ್ಮ ವಿಮೆ ಶಾಲೆಯ ಹೊಣೆ, ಅವರದು ನಿಮ್ಮದು. ಸಂಬಳ 4,000 ದಿರ್ಹಮ್ ಇದ್ದರೆ ಕುಟುಂಬವನ್ನು ಕರೆಸಿಕೊಳ್ಳಲು ನಿಯಮ ಒಪ್ಪುತ್ತದೆ ಎಂಬುದು ನಿಜ, ಆದರೆ ಈ ಸಂಬಳದಲ್ಲಿ ಕರೆಸಿಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಶಾಲೆಯೇ ವಸತಿ ಕೊಟ್ಟು, ನೀವೊಬ್ಬರೇ ಹೋಗುವುದಾದರೆ ಇದೇ 4,500 ಒಳ್ಳೆಯ ಸಂಬಳ.

ಆ 4,500ರಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅಲ್ಲಿ ನಮ್ಮ ಪಿಎಫ್‌ನಂತಹ ವ್ಯವಸ್ಥೆ ನಿಮಗೆ ಸಿಗುವುದಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲವೇತನದ ಮೇಲೆಯೇ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳಂತೆ ಎಣಿಸುತ್ತಾರೆ. ಮೂಲವೇತನ 2,500 ಎಂದು ಬರೆದಿದ್ದರೆ ವರ್ಷಕ್ಕೆ 1,750 ದಿರ್ಹಮ್, ಪೂರ್ತಿ 4,500 ಮೂಲವೇತನವಾಗಿದ್ದರೆ 3,150. ಬೇಸಿಗೆ ರಜೆಗೆ ಊರಿಗೆ ಬರುವ ವಿಮಾನದ ಟಿಕೆಟ್ಟನ್ನು ಶಾಲೆ ಕೊಡುತ್ತದೆಯೇ ಎಂಬುದನ್ನೂ ಕೇಳಿ. ಜುಲೈಯಲ್ಲಿ ಎಲ್ಲ ಮೇಷ್ಟರೂ ಒಟ್ಟಿಗೆ ಹೊರಡುವುದರಿಂದ ಆಗ ದರ ಏರಿರುತ್ತದೆ.

ಗಣಿತವಾದ್ದರಿಂದ ಟ್ಯೂಷನ್ ಹೇಳಿ ಸರಿದೂಗಿಸಿಕೊಳ್ಳುವ ಯೋಚನೆ ನಿಮಗಿರಬಹುದು. ಅದಕ್ಕೆ 2023ರ ಡಿಸೆಂಬರ್‌ನಲ್ಲಿ ಜಾರಿಗೆ ತಂದ ಖಾಸಗಿ ಬೋಧನೆಯ ಪರವಾನಗಿ ಬೇಕು. ಶುಲ್ಕವಿಲ್ಲ, ಎರಡು ವರ್ಷ ನಡೆಯುತ್ತದೆ. ಪರವಾನಗಿಯಿಲ್ಲದೆ ಕದ್ದು ಪಾಠ ಹೇಳಬೇಡಿ.

ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಅಲ್ಲಿನ ಭಾರತೀಯ ಶಾಲೆಗಳ ವರ್ಷವೂ ಏಪ್ರಿಲ್‌ನಲ್ಲೇ ಆರಂಭವಾಗುವುದರಿಂದ ಆಗಲೇ ಹೊರಟರೆ ಆ ಹಣಕಾಸು ವರ್ಷದಲ್ಲಿ ನೀವು ಭಾರತದಲ್ಲಿ 182 ದಿನ ಇರುವುದಿಲ್ಲ, ಹಾಗಾಗಿ ಅಲ್ಲಿನ ಸಂಬಳಕ್ಕೆ ಇಲ್ಲಿಯೂ ತೆರಿಗೆ ಬೀಳದು. ನವೆಂಬರ್‌ನಲ್ಲಿ ಹೋದವರಿಗೆ ಆ ವರ್ಷ ಈ ಅನುಕೂಲವಿಲ್ಲ.

ಇನ್ನು ಏಜೆಂಟರ ಒಂದೂವರೆ ಲಕ್ಷ. ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚನ್ನು ನೌಕರನಿಂದ ವಸೂಲು ಮಾಡಬಾರದೆಂದು ಅಲ್ಲಿನ ಕಾರ್ಮಿಕ ಕಾನೂನೇ ಹೇಳುತ್ತದೆ. ನಮ್ಮಲ್ಲಿಯೂ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ, ನೇಮಕಾತಿ ಪತ್ರದ ಬಗ್ಗೆ ಶಾಲೆಗೆ ನೀವೇ ನೇರವಾಗಿ ಬರೆದು ಕೇಳಿ. ಅದಕ್ಕೆ ಉತ್ತರ ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.