ಕ್ಲಾರಾ ಲೆಮ್ಲಿಕ್ ವೃದ್ಧಾಶ್ರಮದಲ್ಲೂ ಕಾರ್ಮಿಕ ಸಂಘದ ಕೆಲಸ ಮಾಡಿದ್ದು ಯಾಕೆ?

ಕ್ಲಾರಾ ಅಮೆರಿಕದ ಕಾರ್ಮಿಕ ನಾಯಕಿ; ಹರೆಯದಿಂದಲೂ ಅವರು ಮಾಡಿಕೊಂಡು ಬಂದದ್ದೇ ಅದು. ಹುಟ್ಟಿದ್ದು 1886ರಲ್ಲಿ, ಈಗಿನ ಉಕ್ರೇನ್‌ನ ಯಹೂದಿ ಮನೆಯಲ್ಲಿ. ಯಹೂದಿಗಳ ಮೇಲಿನ ದಾಳಿಗಳಿಗೆ ಹೆದರಿ ಕುಟುಂಬ ನ್ಯೂಯಾರ್ಕಿಗೆ ಬಂತು. ಕ್ಲಾರಾ ಗಾರ್ಮೆಂಟ್ ಕೆಲಸಕ್ಕೆ ಸೇರಿದರು. ದುಡಿತ ಜಾಸ್ತಿ, ಸಂಬಳ ಕಡಿಮೆ.

1909ರ ನವೆಂಬರ್ 22ರಂದು ನಡೆದ ಗಾರ್ಮೆಂಟ್ ಕೆಲಸಗಾರರ ಸಭೆಯಲ್ಲಿ ನಾಯಕರ ಭಾಷಣ ಮುಗಿಯುತ್ತಲೇ ಇರಲಿಲ್ಲ. ಕ್ಲಾರಾ ಎದ್ದು ಮುಷ್ಕರಕ್ಕೆ ಕರೆ ಕೊಟ್ಟರು, ಅದೂ ಯಿಡ್ಡಿಶ್‌ನಲ್ಲಿ. ಅದು ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಕೆಲಸಗಾರರಲ್ಲಿ ಹೆಚ್ಚಿನವರು ಅವರಂಥದೇ ವಲಸೆ ಬಂದ ಹುಡುಗಿಯರು. ತಮ್ಮದೇ ಮಾತು, ತಮ್ಮದೇ ಕಷ್ಟ. ನಾಟದೇ ಇರುತ್ತದೆಯೇ? ಸುಮಾರು 20,000 ಮಂದಿ ಬೀದಿಗಿಳಿದರು.

ಮದುವೆಯಾದ ಮೇಲೆ ಬಾಡಿಗೆ, ಮಾಂಸದ ಬೆಲೆ ಏರಿದಾಗ ಗೃಹಿಣಿಯರನ್ನು ಒಟ್ಟುಗೂಡಿಸಿದರು. ಕೊನೆಗೆ, ಅಜ್ಜಿಯಾಗಿ ವೃದ್ಧಾಶ್ರಮದಲ್ಲಿದ್ದಾಗ, ತಮ್ಮನ್ನು ನೋಡಿಕೊಳ್ಳುತ್ತಿದ್ದ ಕೆಲಸಗಾರರಿಗೇ ಸಂಘ ಕಟ್ಟಲು ನೆರವಾದರು. ನನಗೆ ತುಂಬ ಹಿಡಿಸುವುದು ಇದೇ.